ಧಾರೆಗೆ ಕೂರಲ್ಲ ಅಂದ ಅಪ್ಪ

ವಿಜಯನಗರದ ನಮ್ಮ ಮನೆಗೆ ಯಾರೇ ಬಂದರೂ ಕಾಫಿ ಆದಮೇಲೆ ನನ್ನ ಮಿಮಿಕ್ರಿ. ಸೋದರಮಾವನ ಗೊರಕೆ, ಪಕ್ಕದ ಮನೆ ಆಂಟಿಯ ಫೋನು, ಹುಡುಗಿಯರ ಮುಂದೆ ಕೀರಲಾಗುವ ನನ್ನದೇ ದನಿ, ಯಾವುದನ್ನೂ ಬಿಟ್ಟಿಲ್ಲ. ಅಕ್ಕನ ಮದುವೆ ನಿಶ್ಚಯವಾದ ದಿನ, ಬೀಗರು ಹೋದಮೇಲೆ, ಹೊಸ ಐಟಂ ತೆಗೆದೆ: ಬಚ್ಚಲಲ್ಲಿ ಅಪ್ಪ.

ಗೋಡೆಗೆ ಒಂದು ಕೈ. ಗಂಟಲು ಸರಿಮಾಡಿಕೊಳ್ಳೋದು. ಕಾಯೋದು. ಬರದಿದ್ದಾಗ ನಲ್ಲಿ ಬಿಡೋದು, ನೀರಿನ ಸದ್ದಿಗಾದರೂ ಬರಲಿ ಅಂತ. ಕಾಲಿನ ಹೆಬ್ಬೆರಳು ಮಡಚೋದು. ಕೊನೆಗೆ ನಾಲ್ಕು ಹನಿ. ಹೊರಗೆ ಬಂದು ಟವೆಲ್ ಹುಡುಕುವಷ್ಟರಲ್ಲಿ ಮತ್ತೆ ಒಳಗೆ. ಮಾವ ನಕ್ಕು ನಕ್ಕು ಕೆಮ್ಮಿದರು. ಅಪ್ಪನೂ ನಕ್ಕರು. ಮಾರನೇ ದಿನದಿಂದ ಬಚ್ಚಲಲ್ಲಿ ನಲ್ಲಿಯ ಸದ್ದು ನಿಂತುಹೋಯಿತು.

ಅಪ್ಪ ರಿಟೈರ್ಡ್ ಡ್ರಿಲ್ ಮೇಷ್ಟ್ರು. ಕಿರುಬೆರಳೆತ್ತಿ "ಸಾರ್, ಒಂದಕ್ಕೆ" ಅಂದ ಎಷ್ಟು ಹುಡುಗರಿಗೆ "ಬೆಲ್ ಆಗೋವರೆಗೂ ತಡ್ಕೊಳ್ಳೋ, ಏನಾಗಲ್ಲ" ಅಂದಿದ್ದಾರೋ. ಅವರಲ್ಲಿ ಒಬ್ಬನ ಶಾಪವಾದರೂ ತಟ್ಟದೆ ಇರುತ್ತಾ?

ಮದುವೆಗೆ ತಿಂಗಳಿದ್ದಾಗ ಊಟದ ಮಧ್ಯೆ ಅಪ್ಪ ಮಾವನಿಗೆ ಹೇಳಿದರು, "ಧಾರೆಗೆ ನೀವು ಗಂಡ ಹೆಂಡ್ತಿ ಕೂತ್ಬಿಡಿ. ನಂಗೆ ಮಂಡಿ ನೋವು."

"ನಿನ್ನೆ ಮೂರು ಮಹಡಿ ಹತ್ತಿ ಲಗ್ನಪತ್ರಿಕೆ ಕೊಟ್ಟು ಬಂದ್ರಲ್ಲ ಭಾವ."

"ಹತ್ತೋ ಮಂಡಿ ಬೇರೆ, ಕೂರೋ ಮಂಡಿ ಬೇರೆ."

ಅಕ್ಕ ತಟ್ಟೆ ಬಿಟ್ಟು ಎದ್ದು ಹೋದಳು. ಅಪ್ಪನ ಮುಂದಿದ್ದ ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಆಗ ನನಗೆ ಹೊಳೆಯಿತು. ಮಂಟಪದಲ್ಲಿ ಒಂದೂವರೆ ಗಂಟೆ ಎದ್ದೇಳುವ ಹಾಗಿಲ್ಲ. ಕೊನೆಗೆ ಅಮ್ಮ ಗಿಂಡಿಯಿಂದ ನೀರು ಬಿಡುತ್ತಾಳೆ, ಅದು ಅಪ್ಪನ ಕೈ ಮೇಲೆ ಸುರಿಯುತ್ತೆ. ನಲ್ಲಿಯ ಸದ್ದಿಗೆ ಮನೆಯಲ್ಲಿ ಆಗುತ್ತಿದ್ದದ್ದು ಅಲ್ಲೂ ಆಗಿಬಿಟ್ಟರೆ, ರೇಷ್ಮೆ ಪಂಚೆಯಲ್ಲಿ, ಇಡೀ ಬಂಧುಬಳಗದ ಮುಂದೆ.

"ಮಂಡಿ ತೋರಿಸೋಣ ಬನ್ನಿ" ಅಂತ ಅತ್ತಿಗುಪ್ಪೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಮೂತ್ರರೋಗ ತಜ್ಞರು ಅನ್ನೋ ಬೋರ್ಡು ಓದಿ ಅಪ್ಪ ನನ್ನನ್ನೊಮ್ಮೆ ನೋಡಿದರು. ಜಗಳ ಆಡೋಣ ಅಂದರೆ ಮಂಡಿಯ ಸುಳ್ಳು ಅವರದೇ. ಒಳಗೆ ಬಂದರು.

"ಏನ್ ತೊಂದ್ರೆ ಯಜಮಾನ್ರೇ?" ಅಂದರು ಡಾಕ್ಟರು.

"ಏನಿಲ್ಲ ಡಾಕ್ಟ್ರೇ. ಎಲ್ಲಾ ನಾರ್ಮಲ್."

"ಒಂದಕ್ಕೆ ಸಲೀಸಾಗಿ ಹೋಗುತ್ತಾ?"

"ಹೋಗುತ್ತೆ."

ನಾನು ಎದ್ದೆ. ಡಾಕ್ಟರ ಗೋಡೆಗೆ ಕೈ ಕೊಟ್ಟು ನಿಂತೆ. ಗಂಟಲು, ನಲ್ಲಿ, ಹೆಬ್ಬೆರಳು, ಟವೆಲ್, ಒಂದೂ ಬಿಡದೆ ಮಾಡಿದೆ. ನನ್ನ ಐಟಂಗೆ ಯಾರೂ ನಗದೆ ಇದ್ದದ್ದು ಅದೇ ಮೊದಲು. ಡಾಕ್ಟರು ಎಲ್ಲ ಬರೆದುಕೊಂಡು, "ರಾತ್ರಿ ಎಷ್ಟು ಸಲ?" ಅಂತ ನನ್ನನ್ನೇ ಕೇಳಿದರು.

"ನಾಲ್ಕು," ಅಂದೆ.

"ಐದು," ಅಂದರು ಅಪ್ಪ, ನೆಲ ನೋಡುತ್ತಾ.

ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ವಯಸ್ಸಾದ ಗಂಡಸರಿಗೆ ಮಾಮೂಲು, ಹೆದರುವಂಥದ್ದೇನಿಲ್ಲ, ನೀರು ಕುಡಿಯೋದು ಮಾತ್ರ ಬಿಡಬೇಡಿ ಅಂತ ಹೇಳಿ ಮಾತ್ರೆ ಬರೆದರು. ಅಪ್ಪ ಕೇಳಿದ್ದು ಒಂದೇ: "ಒಂದೂವರೆ ಗಂಟೆ ಕೂರಬಹುದಾ?"

"ಮಾತ್ರೆ ಹಿಡಿಸಿದ್ರೆ ಆರಾಮಾಗಿ."

ಕೆಂಗೇರಿ ಉಪನಗರದ ಕಲ್ಯಾಣ ಮಂಟಪದಲ್ಲಿ ಅಪ್ಪ ಕೂತರು. ಪುರೋಹಿತರಿಗೆ ಅವತ್ತೇ ಎಲ್ಲ ಮಂತ್ರ ನೆನಪಾಗಬೇಕೇ. ಅಮ್ಮ ಗಿಂಡಿ ಬಗ್ಗಿಸಿದಾಗ ನಾನು ಅಕ್ಕನನ್ನೂ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಅಪ್ಪನ ಕಾಲಿನ ಹೆಬ್ಬೆರಳು ನೋಡಿದೆ. ಅದು ಮಡಚಿಕೊಳ್ಳಲಿಲ್ಲ. ಮಡಚಿಕೊಂಡದ್ದು ನನ್ನದು. ಬೆಳಗ್ಗೆಯಿಂದ ಆತಂಕಕ್ಕೆ ಜ್ಯೂಸಿನ ಮೇಲೆ ಜ್ಯೂಸ್ ಕುಡಿದಿದ್ದೆ. ವಾದ್ಯ ಜೋರಾದದ್ದೇ ಟಾಯ್ಲೆಟ್ಟಿಗೆ ಓಡಿದೆ.

ಅಲ್ಲಿ ಸಾಲಾಗಿ ಬೀಗರ ಕಡೆಯ ಹಿರಿಯರು, ಎಲ್ಲರದೂ ಒಂದು ಕೈ ಗೋಡೆಗೆ. ಬಹಳ ಹೊತ್ತು ಕಾದು, ಖಾಲಿಯಾದ ಕಡೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತರು. ಅಷ್ಟು ಸಾಕಾಯಿತು, ಒಂದು ಹನಿಯೂ ಬರಲಿಲ್ಲ. ಕೈ ತಾನಾಗಿ ಗೋಡೆಗೆ ಹೋಯಿತು. ಗಂಟಲು ಸರಿಮಾಡಿಕೊಂಡೆ.

ಧಾರೆ ಮುಗಿಸಿ, ಎಲ್ಲರ ಕೈ ಕುಲುಕಿ, ನಿಧಾನಕ್ಕೆ ನಡೆದು ಬಂದಿದ್ದ ಅಪ್ಪನ ದನಿ ಕೇಳಿಸಿತು:

"ನಲ್ಲಿ ಬಿಡ್ಲೇನೋ?"