ಟೇಪ್ ತರಾಕ ಹೋದ ಸಾಹೇಬ್ರು

ಗೆಳತ್ಯಾರ, ಇವತ್ತ ಸವಣೂರಿನ ನಮ್ಮ ಬೀಜದ ಆಫೀಸಿನ್ಯಾಗ, ಒಂದಕ್ಕೊಂದು ತಂತಿ ಜೋಡಿಸಿಟ್ಟ ಮೂರೂ ಹೊಸಾ ಕಂಪ್ಯೂಟರ್ ಒಮ್ಮೆಲೇ ನಿಂತು, ರೈತರ ಪಟ್ಟಿ ಪೂರಾ ಅಳಿಸಿಹೋತು. ನಾಳೆ ಬೀಜ ಹಂಚೂದೈತಿ! ಆಫೀಸಿಗೆ ಬೆಂಕಿ ಬಿದ್ರೂ ಉಳೀಲಿ ಅಂತ, ಪಟ್ಟಿ ನಕಲು ಮಾಡಿದ ಟೇಪ್ ನಮ್ಮ ಮನ್ಯಾಗ ಇಟ್ಟಿದ್ದೆ. ನಾ ಮಷೀನ್ ಮುಂದ ಕುಂತಿದ್ದೆ, ಅದಕ್ಕ ಸಾಹೇಬ್ರ ಖುದ್ದ ತರಾಕ ಹೋದ್ರು.

ಅರ್ಧ ತಾಸಿಗೆ ಬರಿಗೈಲೆ ಬಂದ್ರು. "ನಿಮ್ಮವ್ವ ಕೊಡವಲ್ರು. 'ಸಾಹೇಬ್ರು ಬಂದು ಕೇಳಿದ್ರೂ ಕೊಡಬ್ಯಾಡ ಅಂತ ಮಗಳು ಹೇಳ್ಯಾಳ' ಅಂದ್ರು. 'ನಾನ ಆ ಸಾಹೇಬ' ಅಂದೆ. 'ಹೌದೇನ್ರಿ? ಹಂಗಾರ ನಿಮಗ ಕೊಡೂದ ಇಲ್ಲ, ಚಾ ಕುಡೀರಿ' ಅಂದ್ರು!"

ಕಡೀಕ ನಾನ ಓಡಿಹೋಗಿ ತಂದೆ. ಟೇಪ್ ಹಾಕಿದ ಮ್ಯಾಲೆ ಒಂದೊಂದ ಹೆಸರು ವಾಪಸ್ ಬರಾಕತ್ತಿತು.

"ನೀವು ಹಂಗ ಹೇಳಿದ್ದು ಖರೇ ಏನ್ರಿ?" ಅಂದ್ರು ಸಾಹೇಬ್ರು.

ನಾ ಟೇಪ್ ತಿರಗೂದನ್ನ ಭಾಳ ಲಕ್ಷ್ಯಗೊಟ್ಟು ನೋಡಾಕತ್ತಿದ್ದೆ.