ಮೆಟ್ಟಿಲ ಕೆಳಗಿನ ಗುಳಿಹುಳ

ರೇಷ್ಮೆ ಸೀರೆಗಳಿಗೆ ಸ್ವಲ್ಪ ಗಾಳಿಯಾಡಲಿ ಎಂದು ಮೊನ್ನೆ ಬೀರು ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸೀರೆಗಳ ಹಿಂದೆ ಒಂದು ಜಾಮ್ ಬಾಟಲಿ. ಅದರೊಳಗೆ ತೆಂಗಿನ ಗರಿಯ ಕಡ್ಡಿ, ಕಡ್ಡಿಯ ಬುಡದಲ್ಲಿ ಒಣಗಿದ ಹುಳ. ಸೀರೆಗಳನ್ನು ಮರೆತು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ…

ಅದು ಮೇಲಿನ ಮನೆಯ ಮೇಡಂ ಸಾಕಿದ ಹುಳ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ರಿಟೈರಾದವರು, ಒಬ್ಬರೇ ಇದ್ದರು. ಶ್ರೀಗಂಧದ ಕಾವಲ್‌ನ ನಮ್ಮ ಮನೆಗೆ ಬಾಡಿಗೆಗೆ ಬಂದ ಮರುವಾರವೇ ನನಗೂ ಅವರಿಗೂ ಜಗಳ. ನಮ್ಮ ಮೆಟ್ಟಿಲ ಕೆಳಗೆ ಪುಡಿಮಣ್ಣಿನಲ್ಲಿ ಆಲಿಕೆಯಂಥ ಸಣ್ಣ ಸಣ್ಣ ಗುಳಿಗಳಿದ್ದವು. ತಳದಲ್ಲಿ ಅವಿತಿರುವ ಗುಳಿಹುಳ, ಜಾರಿ ಬಿದ್ದ ಇರುವೆಯನ್ನು ಲಬಕ್ಕನೆ ಹಿಡಿಯುತ್ತದೆ. ಊರಲ್ಲಿ ನಮ್ಮ ರಾಗಿ ಕಣದ ಅಂಚಿನಲ್ಲೂ ಇದ್ದವು, ನನಗೇನು ಹೊಸದಲ್ಲ.

“ಓನರಮ್ಮ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕ್ತೀರಲ್ಲ, ಈ ಮೂಲೆಗೆ ಮಾತ್ರ ಹಾಕ್ಬೇಡಿ. ಒದ್ದೆ ಆದ್ರೆ ಸತ್ತೋಗ್ತವೆ.”

“ಚೆನ್ನಾಗಿದೆ! ಹುಳಕ್ಕೋಸ್ಕರ ಮನೆ ಮುಂದೆ ಗಲೀಜು ಇಟ್ಕೊಳ್ಬೇಕಾ?”

ಆದರೂ ನೀರು ಹಾಕದೆ ಆ ಮೂಲೆ ಬಿಟ್ಟೆ. ಯಜಮಾನರು ಹೋದಮೇಲೆ ನನ್ನ ಜೊತೆ ಜಗಳಕ್ಕೂ ಯಾರೂ ಇರಲಿಲ್ಲ ನೋಡಿ.

ಆಮೇಲಾಮೇಲೆ ಸಂಜೆ ಕಾಫಿ ಅದೇ ಮೆಟ್ಟಿಲ ಮೇಲೆ. ಅವರ ಕೈಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಒಂದು ಹುಳದ ದವಡೆಯ ಹಲ್ಲು ಅವರು ಕಂಡ ಯಾವುದರ ಹಾಗೂ ಇರಲಿಲ್ಲವಂತೆ. ಅದು ಯಾವುದು ಎಂದು ತಿಳಿದೇ ತೀರಬೇಕೆಂಬ ಹಟ ಹಿಡಿಯಿತು ಅವರಿಗೆ. “ಮನುಷ್ಯರ ಜಾತಿ ಕೇಳಿದ್ರೆ ಬೈತೀರ, ಹುಳದ್ದು ಕೇಳ್ಬೋದಾ?” ಎಂದು ರೇಗಿಸಿದೆ. ಅವರು ನಗಲಿಲ್ಲ. “ಗುಳೀಲಿರೋದು ಇನ್ನೂ ಮರಿ, ಅದನ್ನ ನೋಡಿ ಹೇಳಕ್ಕಾಗಲ್ಲ ಕಣ್ರೀ. ರೆಕ್ಕೆ ಬರ್ಬೇಕು. ರೆಕ್ಕೆಯ ನರ, ಮೀಸೆ, ಕಾಲಿನ ಮುಳ್ಳು ನೋಡಿದ್ರೇನೇ ಇಂಥದ್ದು ಅನ್ನಬಹುದು” ಎಂದರು. ಆ ಹುಳವನ್ನು ಮಣ್ಣಿನ ಸಮೇತ ಬಾಟಲಿಗೆ ಹಾಕಿ ಸಾಕಿದರು. ನನ್ನ ಸಕ್ಕರೆ ಡಬ್ಬಿಯ ಇರುವೆಗಳೆಲ್ಲ ಮಹಡಿಗೆ ಸಾಗಿದವು.

ಒಮ್ಮೆ ಹತ್ತಿರದ ಉಲ್ಲಾಳದಲ್ಲಿರುವ ತಮ್ಮನ ಮನೆಗೆ ಹೋದವಳು ರಾತ್ರಿ ಅಲ್ಲೇ ಉಳಿದೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬಾಗಿಲಿಗೆ ನೀರು, ರಂಗೋಲಿ ಬೀಳಲಿಲ್ಲವೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಓನರಮ್ಮನ ಬಾಗಿಲು ಹಾಗಿರಬಾರದೆಂದು, ಹುಟ್ಟಿದಾಗಿನಿಂದ ಚುಕ್ಕಿ ಇಟ್ಟು ಗೊತ್ತಿಲ್ಲದ ಮೇಡಂ ಬಕೆಟ್‌ಗಟ್ಟಲೆ ನೀರೆರಚಿ ಸೊಟ್ಟ ರಂಗೋಲಿ ಎಳೆದಿದ್ದರು. ನೀರು ಹರಿದು ಮೆಟ್ಟಿಲ ಕೆಳಗಿನ ಮೂಲೆಗೇ ಹೋಗಿತ್ತು. ನಾನು ಬಂದಾಗ ಕೆಸರಿನ ಮುಂದೆ ಕೂತಿದ್ದರು.

“ಎಲ್ಲಾನೂ ನಾನೇ ಮುಳುಗಿಸ್ಬಿಟ್ಟೆ ಕಣ್ರೀ…”

“ಅಲ್ಲಾ ಮೇಡಂ, ನಾನೇನು ಸತ್ತೋಗಿದ್ನಾ?” ಎಂದು ಗದರಿದೆ. ಗದರುತ್ತಲೇ ಕಣ್ಣು ತುಂಬಿ ಬಂತು. ನನ್ನ ಬಾಗಿಲಿನ ಬಗ್ಗೆ ಅಷ್ಟು ಯೋಚಿಸಿದವರು ಬೇರೆ ಯಾರಿದ್ದರು?

ಉಳಿದದ್ದು ಬಾಟಲಿಯ ಹುಳ ಒಂದೇ. ಅದು ಮಣ್ಣಿನುಂಡೆ ಕಟ್ಟಿಕೊಂಡು ಒಳಗೆ ಸೇರಿತು. ಮೇಡಂ ಪಕ್ಕದಲ್ಲೊಂದು ಕಡ್ಡಿ ನೆಟ್ಟು, ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿದರು. ಹೊರಬಂದ ಕೂಡಲೇ ಹತ್ತಿ ನೇತಾಡಲು ಏನಾದರೂ ಸಿಗಬೇಕಂತೆ. ಇಲ್ಲದಿದ್ದರೆ ರೆಕ್ಕೆ ಮುದುಡಿ ಹೋಗುತ್ತದೆ, ಆಮೇಲೆ ಗುರುತು ಹಿಡಿಯುವುದು ಕಷ್ಟ. ಅಷ್ಟರಲ್ಲಿ ಅವರಿಗೇ ಎದೆನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಬಾಟಲಿ ನನ್ನ ಅಡುಗೆಮನೆಗೆ ಇಳಿಯಿತು.

ಒಂದು ಬೆಳಿಗ್ಗೆ ನೋಡುತ್ತೇನೆ, ಕಡ್ಡಿಯ ಮೇಲೆ ರೆಕ್ಕೆ! ಆಸ್ಪತ್ರೆಯಲ್ಲಿದ್ದ ಮೇಡಂಗೆ ಫೋನ್ ಮಾಡಿದೆ.

“ರೆಕ್ಕೆ ಪೂರ್ತಿ ಬಿಚ್ಚಿದ್ಯಾ?”

“ಬಿಚ್ಚಿದೆ ಮೇಡಂ. ಏರೋಪ್ಲೇನ್ ಚಿಟ್ಟೆ ಥರ ಇದೆ. ಮೀಸೆ ತುದಿ ದಪ್ಪ.”

“ಮಚ್ಚೆ?”

“ರೆಕ್ಕೆ ತುದೀಲಿ ಒಂದೊಂದು.”

“ನರ ನೋಡ್ಬೇಕು… ನಾನು ಬಂದು ನೋಡ್ತೀನಿ. ಬಿಡ್ಬೇಡಿ ಅದನ್ನ.”

ಅವರು ಬರಲಿಲ್ಲ. ದೂರದ ಸಂಬಂಧದ ಹುಡುಗನೊಬ್ಬ ಬಂದು ಕಾರ್ಯ ಮುಗಿಸಿದ. ಹುಳವೂ ಕೆಲವೇ ದಿನ ಇತ್ತು. ಅವರ ಭೂತಗನ್ನಡಿ ಹಿಡಿದು ನಾನೇ ನೋಡಿದೆ. ಬಲೆಯಂಥ ಗೆರೆಗಳು… ಯಾವ ಗೆರೆ ಏನು ಹೇಳುತ್ತದೋ ನನಗೇನು ಗೊತ್ತು? ನುಸಿಗುಳಿಗೆ ಹಾಕಿ ಎತ್ತಿಟ್ಟೆ.

ಅವರು ಹೋದ ಮರುದಿನ ನಾನು ಬಾಗಿಲಿಗೆ ನೀರು ಹಾಕಲಿಲ್ಲ. ಎದುರುಮನೆಯವಳು ಓಡಿ ಬಂದಳು.

“ಯಾರು ಹೋದ್ರು ಆಂಟಿ?”

“ಮೇಲಿನ ಮನೆ ಮೇಡಂ.”

“ಅಯ್ಯೋ ಪಾಪ… ಆದ್ರೆ ಬಾಡಿಗೆಯೋರಲ್ವಾ? ನಿಮಗೇನಾಗ್ಬೇಕು ಅವರು?”

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮೊನ್ನೆ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಸೀರೆಗಳ ಹಿಂದೆಯೇ ಇಟ್ಟೆ. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ. ಎದುರು ಸಿಕ್ಕರೆ ನಗುತ್ತಾರೆ, ಅಷ್ಟೆ. ಮೆಟ್ಟಿಲ ಕೆಳಗೆ ಈಗಲೂ ನೀರು ಹಾಕುವುದಿಲ್ಲ, ಗುಳಿಗಳು ಮತ್ತೆ ಬಿದ್ದಿವೆ. ಅವುಗಳಲ್ಲಿರುವುದು ಅದೇ ಜಾತಿಯ ಹುಳವೋ ಬೇರೆಯದೋ, ಕೇಳೋಣವೆಂದರೆ ಯಾರಿದ್ದಾರೆ? ಬೆಳಿಗ್ಗೆ ಎದ್ದು ರಂಗೋಲಿ ಹಾಕುವಾಗ ಒಮ್ಮೊಮ್ಮೆ ಸಂಕಟವಾಗುತ್ತದೆ. ನಾನು ಮನೆಯಲ್ಲಿಲ್ಲದ ಬೆಳಿಗ್ಗೆ ನನ್ನ ಬಾಗಿಲಿಗೆ ಒಂದು ಸೊಟ್ಟ ರಂಗೋಲಿ ಎಳೆಯುವವರೂ ಈಗ ಯಾರೂ ಇಲ್ಲ.