ಹಳೆ ಕೊಡೆಯ ಕಪ್ಪು ಪಟ್ಟಿ

ಮಳೆಗಾಲ ಕಳೆದ ಮೊದಲ ಭಾನುವಾರ ಕಪಾಟಿನ ಬಟ್ಟೆಗಳಿಗೆಲ್ಲ ಬಿಸಿಲು ತೋರಿಸುವ ಪದ್ಧತಿ ಪರ್ಕಳದ ನಮ್ಮ ಮನೆಯಲ್ಲಿದೆ. ಪದ್ಧತಿ ನನ್ನದು, ಹೆಂಡತಿ ಅದನ್ನು ಪೆರೇಡ್ ಎನ್ನುತ್ತಾಳೆ. ಈ ಸಲ ಹಳೆಯ ಖಾಕಿ ಅಂಗಿಯನ್ನು ಕೊಡವಿದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಜೇಬಿನಿಂದ ಕಪ್ಪು ಬಟ್ಟೆಯ ಪಟ್ಟಿಯೊಂದು ಬಿತ್ತು. ಹಳೆ ಕೊಡೆಯ ಬಟ್ಟೆ. ಅದನ್ನು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ ನೋಡಿ, ಪೆರೇಡೂ ನಿಂತಿತು.

ನಾನು ಅಗ್ನಿಶಾಮಕ ಠಾಣೆಯ ಅಧಿಕಾರಿಯಾಗಿದ್ದು ನಿವೃತ್ತನಾದವನು. ಠಾಣೆಯಲ್ಲಿ ಬೂಟುಗಳ ಮುಖ ಯಾವಾಗಲೂ ಗಾಡಿಯ ಕಡೆಗಿರಬೇಕು. ಕರೆ ಬಂದಾಗ ತಿರುಗಿಸಲು ಪುರುಸೊತ್ತಿಲ್ಲ. ಇಂದಿಗೂ ನನ್ನ ಚಪ್ಪಲಿ ಬಾಗಿಲಿನ ಕಡೆ ಮುಖ ಮಾಡಿಯೇ ಇರುತ್ತದೆ. ಯಾವ ಬೆಂಕಿಗೆ ಓಡಬೇಕೋ ದೇವರೇ ಬಲ್ಲ.

ನಮ್ಮ ಗಾಡಿಯ ಚಾಲಕ ಸದಾನಂದ, ಕೆಮ್ಮಣ್ಣು ಊರಿನ ಮೀನುಗಾರರ ಮನೆಯವನು. ನೇಮಕದ ಆದೇಶ ಬಂದಾಗ ಅವನ ಮನೆಯಲ್ಲಿ ದೈವದ ನೇಮ, ಅಂದರೆ ವರ್ಷದ ಭೂತಕೋಲ, ಹತ್ತಿರವಿತ್ತು. ಪ್ರಸಾದ ತೆಗೆದುಕೊಂಡೇ ಕೆಲಸಕ್ಕೆ ಸೇರು ಎಂದರು ತಾಯಿ. ನಮ್ಮ ಕಡೆಯ ಯಾವ ತಾಯಿಯೂ ಹೇಳುವ ಮಾತೇ. ಜೊತೆಯವರು ಕೂಡಲೇ ಸೇರಿದರು, ಇವನು ನೇಮ ಮುಗಿಸಿ ಹೋದ. ಅಷ್ಟರಲ್ಲಿ ತಿಂಗಳು ಬದಲಾಗಿತ್ತು. ಆ ತಿಂಗಳಿಂದ ಸೇರಿದವರಿಗೆಲ್ಲ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ. ಹಳೆಯದರಲ್ಲಿ ಸಾಯುವವರೆಗೆ ಇಂತಿಷ್ಟೆಂಬುದು ಖಚಿತ, ಆಮೇಲೆ ಹೆಂಡತಿಗೂ ಒಂದು ಪಾಲು. ಹೊಸದರಲ್ಲಿ ಸಂಬಳದಿಂದ ಹಿಡಿದದ್ದು ಮಾರುಕಟ್ಟೆಗೆ ಹೋಗುತ್ತದೆ. ಏನಾಗಿ ಬರುತ್ತದೆಂದು ಮಾರುಕಟ್ಟೆಯೇ ಹೇಳಬೇಕು. ಬೆಂಕಿಯೊಳಗೆ ನುಗ್ಗುವವನಿಗೆ ಒಂದಾದರೂ ಖಚಿತವಾದದ್ದು ಬೇಡವೇ?

"ಪ್ರಸಾದಕ್ಕೆ ಕಾದು ಪಿಂಚಣಿ ಬಿಟ್ಟವ ಜಿಲ್ಲೆಯಲ್ಲಿ ನೀನೊಬ್ಬನೇ ಮಾರಾಯ" ಎಂದು ಹುಡುಗರು ಕೆಣಕುತ್ತಿದ್ದರು. ಅವನೂ ನಗುತ್ತಿದ್ದ. ತಾಯಿಯ ಕಿವಿಗೆ ಮಾತ್ರ ಇದು ಬೀಳಬಾರದೆಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದ.

"ಗೊತ್ತಾದರೆ ಅಮ್ಮ ಮುಂದಿನ ನೇಮದಲ್ಲಿ ಕೈ ಮುಗಿಯುವುದು ಹೇಗೆ ಸರ್?"

ನನ್ನ ಸೇವೆಯ ಕೊನೆಯ ವರ್ಷ ಹಳೆ ಪಿಂಚಣಿಗಾಗಿ ನೌಕರರ ಮುಷ್ಕರ ನಡೆಯಿತು. ನಮ್ಮವರು ಕೆಲಸ ಬಿಡುವಂತಿಲ್ಲ, ಬೆಂಕಿ ಮುಷ್ಕರ ಹೂಡುವುದಿಲ್ಲವಲ್ಲ. ಕಪ್ಪು ಪಟ್ಟಿ ಕಟ್ಟಿ ಕೆಲಸ ಮಾಡುತ್ತೇವೆ ಎಂದರು. ಸದಾನಂದ ಮನೆಯಿಂದ ಮುರಿದ ಕೊಡೆ ತಂದು ಬಟ್ಟೆ ಬಿಚ್ಚತೊಡಗಿದ. ಒಬ್ಬನ ಪಟ್ಟಿ ಲಂಗೋಟಿಯಷ್ಟು ಅಗಲ, ಇನ್ನೊಬ್ಬನದು ದಾರದಂತೆ. ನನಗೆ ನೋಡಲಾಗಲಿಲ್ಲ. ಸಮವಸ್ತ್ರದ ಮೇಲೆ ಬೇರೇನೂ ಇರಬಾರದೆಂದು ಗದರಿಸಬೇಕಾದ ನಾನು ಕತ್ತರಿ, ಅಳತೆಪಟ್ಟಿ ತೆಗೆದುಕೊಂಡು ಕುಳಿತೆ. ಕಟ್ಟುವುದಾದರೆ ಎಲ್ಲರದ್ದೂ ಒಂದೇ ಅಗಲ ಇರಲಿ ಎಂದೆ. ಕೊನೆಗೊಂದು ಪಟ್ಟಿ ಉಳಿಯಿತು. ಅದನ್ನೆತ್ತಿ ನನ್ನ ತೋಳಿಗೆ ಹಿಡಿದೆ.

"ನಿಮಗೆಂತಕ್ಕೆ ಸರ್? ನಿಮಗೆ ಹಳೆಯದೇ ಉಂಟಲ್ವಾ?" ಎಂದ ಸದಾನಂದ.

"ಅದಕ್ಕೇ ಕಟ್ಟುವುದು" ಎಂದೆ.

ಅವನೇ ನನ್ನ ತೋಳಿಗೆ ಕಟ್ಟಿದ. ಗಂಟು ಬಿಗಿಯುವ ಮೊದಲೇ ಕರೆ ಬಂತು: ಬೆಳ್ಮಣ್ ಕಡೆ ಬೈಹುಲ್ಲಿನ ಬಣವೆಗೆ ಬೆಂಕಿ. ಪಟ್ಟಿ ಕಟ್ಟಿಕೊಂಡೇ ಹೋಗಿ ಆರಿಸಿದೆವು. ಆ ಮನೆಯ ಅಜ್ಜ ನಮ್ಮ ತೋಳುಗಳನ್ನು ನೋಡಿ, ಠಾಣೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಮೆಲ್ಲಗೆ ಕೇಳಿದರು.

ನಾನು ನಿವೃತ್ತನಾದ ಮೇಲೆ ಸರಕಾರ ಒಂದು ಬಾಗಿಲು ತೆರೆಯಿತು. ಹೊಸ ಪಿಂಚಣಿ ಶುರುವಾಗುವ ಮೊದಲೇ ಅರ್ಜಿ ಕರೆದಿದ್ದ ಹುದ್ದೆಗಳಿಗೆ ತಡವಾಗಿ ಸೇರಿದವರೂ ಹಳೆ ಪಿಂಚಣಿ ಆರಿಸಿಕೊಳ್ಳಬಹುದು. ಉಳಿದವರು ಈಗಲೂ ಕಾಯುತ್ತಿದ್ದಾರೆ. ಸದಾನಂದನಿಗೆ ಸಿಕ್ಕಿತು. ಆ ವರ್ಷದ ನೇಮಕ್ಕೆ ನನ್ನನ್ನೂ ಕರೆದ. ಅವನ ತಾಯಿ ನನ್ನ ಕೈಗೆ ಪ್ರಸಾದವಿಟ್ಟು, ಮಗನಿಗೆ ಒಳ್ಳೆಯ ಪಿಂಚಣಿಯಾಯಿತಂತೆ ಎಂದು ಹಿಗ್ಗಿದರು.

"ನಾನು ಅವತ್ತೇ ಹೇಳಿದ್ದೆ ಸಾಹೇಬ್ರೇ, ನೇಮ ಮುಗಿಸಿ ಸೇರಿದರೆ ಒಳ್ಳೆಯದಾಗ್ತದೆ ಅಂತ. ಅಲ್ವಾ?"

ಹಿಂದೆ ನಿಂತಿದ್ದ ಸದಾನಂದ ನನ್ನ ಮುಖವನ್ನೇ ನೋಡುತ್ತಿದ್ದ. ತಪ್ಪು ಕಂಡಲ್ಲಿ ತಿದ್ದುವುದೇ ನನ್ನ ಜೀವಮಾನದ ಉದ್ಯೋಗ.

"ಹೌದಮ್ಮ" ಎಂದೆ.

ಈಗ ಬಿಸಿಲಿನಲ್ಲಿ ಪಟ್ಟಿಯನ್ನು ನೇರ ಹಿಡಿದು ನೋಡಿದರೆ ಒಂದು ಅಂಚು ಓರೆಯಾಗಿದೆ. ಎಲ್ಲರದ್ದನ್ನೂ ಅಳೆದವನು ನನ್ನದನ್ನು ಹೇಗೆ ಕತ್ತರಿಸಿದ್ದೆನೋ. ಕತ್ತರಿ ಕೈಗೆಟಕುವಲ್ಲೇ ಇತ್ತು. ಪಟ್ಟಿಯನ್ನು ಹಾಗೆಯೇ ಮಡಚಿ ಜೇಬಿಗೆ ಸೇರಿಸಿದೆ.